ವಿದ್ಯಾಲಯ ಸೇರುವವರಿಗೆ ಒಂದು ಇಂಗ್ಲಿಷು ಪಾಠ

ಹತ್ತನೆಯ ವರ್ಗದ ಪರೀಕ್ಷೆಯ ಫಲ ಹೊರಬಿದ್ದು, ಮುಂಗಾರು ಮಳೆ ನೆಲಕ್ಕಿಳಿಯುವ ಹೊತ್ತಿಗೆ ತಾರಿಹಾಳದಂಥ ಊರುಗಳ ಮನೆಮನೆಯಲ್ಲಿಯೂ ಒಂದೇ ವಿಚಾರ ನಡೆಯುತ್ತದೆ. ಮಗನನ್ನು ಎಲ್ಲಿ ಸೇರಿಸಬೇಕು, ಮಗಳು ಮುಂದೆ ಏನು ಓದಬೇಕು ಎಂಬದೇ ಆ ವಿಚಾರ. ಐಟಿಐಯೋ, ಡಿಪ್ಲೊಮಾವೋ, ಪಿಯುಸಿಯೋ ಎಂದು ನಿಶ್ಚಯವಾದ ಮೇಲೆ ಅರ್ಜಿ ಬರೆಯುವ ಕೆಲಸ ಬರುತ್ತದೆ. ಊರ ಮಗ್ಗುಲಲ್ಲಿರುವ ಕೈಗಾರಿಕಾ ಪ್ರದೇಶದ ಕಾರಖಾನೆಗಳಲ್ಲಿ ಕೆಲಸ ಕಲಿಯಬೇಕೆನ್ನುವ ಯೌವನಸ್ಥರು ಸಹ ಕಾಗದ ಬರೆಯಬೇಕಾಗುತ್ತದೆ. ಈ ಅರ್ಜಿಗಳೂ ಅವುಗಳಿಗೆ ಬರುವ ಉತ್ತರಗಳೂ ಅನೇಕ ವೇಳೆ ಇಂಗ್ಲಿಷಿನಲ್ಲಿಯೇ ಇರುತ್ತವೆ. ಆದಕಾರಣ ಕೆಲವರು ಪೇಟೆಯಲ್ಲಿ ಯಾರಿಂದಲಾದರೂ ಹಣ ಕೊಟ್ಟು ಬರೆಯಿಸಿ, ತಮಗೆ ಅರ್ಥವಾಗದ ಕಾಗದದ ಕೆಳಗೆ ರುಜು ಹಾಕಿ ಕಳುಹಿಸುತ್ತಾರೆ. ತನ್ನ ಜೀವನದ ದಾರಿಯನ್ನು ನಿರ್ಣಯಿಸುವ ಕಾಗದದಲ್ಲಿ ಏನು ಬರೆದದೆ ಎಂಬದು ತನಗೇ ತಿಳಿಯದಿರುವದು ಒಳ್ಳೇದಲ್ಲ.

ಇಂಥ ಕಾಗದಕ್ಕೆ ಬೇಕಾದ ಇಂಗ್ಲಿಷು ಬಹಳವಿಲ್ಲ. ಹತ್ತು ಹನ್ನೆರಡು ಕ್ರಿಯಾಪದಗಳೂ, ಅವುಗಳೊಂದಿಗೆ ಬರುವ ಟು, ಫಾರ್, ಇನ್, ಆನ್, ಆ್ಯಟ್, ಫ್ರಮ್ ಎಂಬ ಸಣ್ಣ ಮಾತುಗಳೂ ಸಾಕು. ಈ ಸಣ್ಣ ಮಾತುಗಳನ್ನು ಇಂಗ್ಲಿಷು ವ್ಯಾಕರಣದಲ್ಲಿ ಪ್ರಿಪೊಸಿಷನ್ ಎಂದು ಕರೆಯುತ್ತಾರೆ. ಯಾವ ಕ್ರಿಯಾಪದಕ್ಕೆ ಯಾವ ಪ್ರಿಪೊಸಿಷನ್ ಜೊತೆಗಾರನಾಗುತ್ತದೆ, ಯಾವದಕ್ಕೆ ಜೊತೆಗಾರನೇ ಬೇಡ ಎಂಬದನ್ನು ನಾವು ಈ ಪಾಠದಲ್ಲಿ ಕ್ರಮವಾಗಿ ನೋಡೋಣ.

೧. ತೊಡಕು ಹುಟ್ಟುವ ಬಗೆ

ಕನ್ನಡದಲ್ಲಿ ಸಂಬಂಧವನ್ನು ತಿಳಿಸುವ ಪ್ರತ್ಯಯವು ನಾಮಪದದ ಕೊನೆಗೆ ಅಂಟಿಕೊಳ್ಳುತ್ತದೆ; ಇಂಗ್ಲಿಷಿನಲ್ಲಾದರೋ ಸಂಬಂಧವನ್ನು ತಿಳಿಸುವ ಮಾತು ನಾಮಪದಕ್ಕೆ ಮುಂಚೆ ಬೇರೆಯಾಗಿ ನಿಲ್ಲುತ್ತದೆ. ಇಷ್ಟೇ ಭೇದವಾಗಿದ್ದರೆ ಕಷ್ಟವಿರಲಿಲ್ಲ. ತೊಡಕು ಬರುವದು ನಮ್ಮ ಚತುರ್ಥೀ ವಿಭಕ್ತಿಯಿಂದ. "ಗೆ", "ಕ್ಕೆ" ಎಂಬ ಈ ಪ್ರತ್ಯಯವು ಬಹು ಕೆಲಸಗಳನ್ನು ಒಂದೇ ಕೈಯಿಂದ ಮಾಡುತ್ತದೆ. ಹೇಗಂದರೆ: ಕಾಲೇಜಿಗೆ ಹೋದನು, ಕಾಲೇಜಿಗೆ ಸೇರಿದನು, ಪ್ರವೇಶಕ್ಕೆ ಅರ್ಜಿ ಹಾಕಿದನು, ಪರೀಕ್ಷೆಗೆ ಕುಳಿತನು, ವರ್ಗಕ್ಕೆ ಹಾಜರಾದನು.

ಈ ಐದು ವಾಕ್ಯಗಳಲ್ಲಿಯೂ ನಮಗೆ ಒಂದೇ ಪ್ರತ್ಯಯ ಸಾಕಾಯಿತು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ "ವೆಂಟ್ ಟು" ಎಂದೂ, ಮೂರನೆಯದಕ್ಕೆ "ಅಪ್ಲೈಡ್ ಫಾರ್" ಎಂದೂ, ನಾಲ್ಕನೆಯದಕ್ಕೆ "ಸ್ಯಾಟ್ ಫಾರ್" ಎಂದೂ ಹೇಳಬೇಕು. ಎರಡನೆಯದಕ್ಕೆ ಬರೇ "ಜಾಯ್ನ್ಡ್", ಐದನೆಯದಕ್ಕೆ ಬರೇ "ಅಟೆಂಡೆಡ್"; ಇವೆರಡಕ್ಕೆ ಪ್ರಿಪೊಸಿಷನ್ನೇ ಇಲ್ಲ. "ಗೆ" ಕಂಡಲ್ಲೆಲ್ಲಾ "ಟು" ಎಂದು ಬರೆಯುವವನು ಐದರಲ್ಲಿ ನಾಲ್ಕು ಕಡೆ ತಪ್ಪುವನು. ಅವನಿಗೆ ಬುದ್ಧಿ ಕಡಿಮೆಯೆಂದಲ್ಲ. ಅವನು ತನ್ನ ತಾಯಿನುಡಿಯ ನಿಯಮವನ್ನು ನಂಬಿಗಸ್ತಿಕೆಯಿಂದ ಪಾಲಿಸಿದ್ದಾನೆ, ಆದರೆ ಆ ನಿಯಮವು ಪರಭಾಷೆಯಲ್ಲಿ ನಡೆಯುವದಿಲ್ಲ.

ಇದು ಒಂದೇ ಕಡೆಯ ಕಷ್ಟವೂ ಅಲ್ಲ. ೧೮೫೩ರಲ್ಲಿ ಧಾರವಾಡಕ್ಕೆ ಬಂದ ಕಿಟೆಲ್ ಪಂಡಿತರು ಜರ್ಮನ್ ನುಡಿಯಲ್ಲಿ ಬೆಳೆದವರು. ಅವರು ಕೇಶಿರಾಜನ ಶಬ್ದಮಣಿದರ್ಪಣವನ್ನು ೧೮೭೨ರಲ್ಲಿ ಪರಿಷ್ಕರಿಸಿ ಮುದ್ರಿಸಿದರು. ೧೮೯೪ರಲ್ಲಿ ಕನ್ನಡ-ಇಂಗ್ಲಿಷು ನಿಘಂಟನ್ನೂ ೧೯೦೩ರಲ್ಲಿ ಕನ್ನಡದ ವ್ಯಾಕರಣವನ್ನೂ ಪ್ರಕಟಿಸಿದರು. ಎಲ್ಲಿ "ಗೆ", ಎಲ್ಲಿ "ಅನ್ನು", ಎಲ್ಲಿ "ಅಲ್ಲಿ" ಎಂಬದನ್ನು ಅಂಥ ಪರದೇಶಸ್ಥರು ಒಂದೊಂದಾಗಿ ಕಲಿಯಬೇಕಾಯಿತು. ಅವರಿಗೆ ವಿಭಕ್ತಿಗಳು ಇದ್ದಂತೆಯೇ ನಮಗೆ ಪ್ರಿಪೊಸಿಷನ್ನುಗಳು. ಆದಕಾರಣ ಕಲಿಯುವವರು ನಾಚಿಕೆಪಡಬೇಕಾದದ್ದಿಲ್ಲ.

೨. ಜೊತೆಗಾರ ಬೇಡದ ಕ್ರಿಯಾಪದಗಳು

ಜಾಯ್ನ್, ಎಂಟರ್, ಅಟೆಂಡ್ ಎಂಬ ಮೂರನ್ನು ಮೊದಲು ಬಾಯಿಪಾಠ ಮಾಡತಕ್ಕದ್ದು. ವಿದ್ಯಾಲಯದ ವಿಷಯ ಹೇಳುವಾಗ ಇವುಗಳ ಮುಂದೆ ಪ್ರಿಪೊಸಿಷನ್ ಬರುವದಿಲ್ಲ.

"ಐ ಜಾಯ್ನ್ಡ್ ದಿ ಕಾಲೇಜ್" ಎಂಬದು ಸರಿ; "ಐ ಜಾಯ್ನ್ಡ್ ಟು ದಿ ಕಾಲೇಜ್" ಎಂಬದು ತಪ್ಪು. ಇದನ್ನು ನೆನಪಿಡುವದಕ್ಕೆ ಕನ್ನಡವೇ ನಮಗೆ ಸಹಾಯ ಮಾಡುತ್ತದೆ. ನಾವು "ಕಾಲೇಜಿಗೆ ಸೇರಿದೆನು" ಎಂದು ಹೇಳುವ ಹಾಗೆ "ಕಾಲೇಜು ಸೇರಿದೆನು" ಎಂತಲೂ ಹೇಳುತ್ತೇವಲ್ಲವೇ? "ಊರು ಸೇರಿದನು", "ದಡ ಸೇರಿದನು" ಎಂಬವುಗಳೂ ಹಾಗೆಯೇ. ಈ ಎರಡನೆಯ ರೀತಿಯೇ ಇಂಗ್ಲಿಷಿನ ಜಾಯ್ನ್ ಎಂಬದರ ರೀತಿ. "ಟು" ಸೇರಿಸಿದರೆ ಒಂದು ಕೊಳವೆಯನ್ನು ಇನ್ನೊಂದು ಕೊಳವೆಗೆ ಜೋಡಿಸಿದ ಹಾಗಾಗುತ್ತದೆ; "ಇನ್" ಸೇರಿಸಿದರೆ ಆಟದಲ್ಲೋ ಹಾಡಿನಲ್ಲೋ ಉಳಿದವರೊಂದಿಗೆ ಕೂಡಿಕೊಂಡ ಅರ್ಥ ಬರುತ್ತದೆ. ಯಾವ ಹುದ್ದೆಯಲ್ಲಿ ಸೇರಿದೆನೆಂದು ಹೇಳಬೇಕಾದರೆ "ಆ್ಯಸ್" ಎಂಬ ಮಾತು ಬರುತ್ತದೆ: "ಹಿ ಜಾಯ್ನ್ಡ್ ದಿ ಫ್ಯಾಕ್ಟರಿ ಆ್ಯಸ್ ಆ್ಯನ್ ಅಪ್ರೆಂಟಿಸ್", ಅಂದರೆ ಅವನು ಕಾರಖಾನೆಯಲ್ಲಿ ಕೆಲಸ ಕಲಿಯುವವನಾಗಿ ಸೇರಿದನು.

ಎಂಟರ್ ಎಂಬದೂ ಹೀಗೆಯೇ. "ಶಿ ಎಂಟರ್ಡ್ ದಿ ಕಾಲೇಜ್" ಅಂದರೆ ಅವಳು ಕಾಲೇಜನ್ನು ಪ್ರವೇಶಿಸಿದಳು. "ಎಂಟರ್ ಇಂಟು" ಎಂಬದು ಕರಾರು ಮಾಡಿಕೊಳ್ಳುವದಕ್ಕೂ, "ಎಂಟರ್ ಫಾರ್" ಎಂಬದು ಪರೀಕ್ಷೆಗೆ ಇಲ್ಲವೆ ಸ್ಪರ್ಧೆಗೆ ಹೆಸರು ಕೊಡುವದಕ್ಕೂ ಸಲ್ಲುವ ಮಾತುಗಳು.

ಅಟೆಂಡ್ ಎಂಬದರಲ್ಲಿ ಕನ್ನಡದ ಸಹಾಯ ಸಿಕ್ಕದು, ಯಾಕಂದರೆ ನಾವು "ವರ್ಗಕ್ಕೆ ಹಾಜರಾದೆನು" ಎಂದೇ ಹೇಳುತ್ತೇವೆ. ಇಂಗ್ಲಿಷಿನಲ್ಲಿ "ಐ ಅಟೆಂಡ್ ದಿ ಕ್ಲಾಸ್" ಎಂದರೆ ತೀರಿತು. "ಅಟೆಂಡ್ ಟು" ಎಂದರೆ ಒಂದು ಕೆಲಸವನ್ನು ಗಮನವಿಟ್ಟು ನೋಡಿಕೊಳ್ಳುವದು, ಇಲ್ಲವೆ ರೋಗಿಯನ್ನು ಉಪಚರಿಸುವದು ಎಂಬ ಬೇರೆ ಅರ್ಥವಾಗುತ್ತದೆ. ಪಾಸಾದ ವಿಷಯವನ್ನೂ ಇಲ್ಲಿಯೇ ಹೇಳಿಬಿಡೋಣ: "ಪರೀಕ್ಷೆಯಲ್ಲಿ ಪಾಸಾದೆನು" ಎಂಬದಕ್ಕೆ "ಐ ಪಾಸ್ಡ್ ದಿ ಎಕ್ಸಾಮಿನೇಶನ್" ಎಂದಷ್ಟೇ ಬರೆಯತಕ್ಕದ್ದು, ನಡುವೆ "ಇನ್" ಬೇಡ.

೩. "ಟು" ಬೇಡುವ ಮಾತುಗಳು

ಇವುಗಳಲ್ಲಿ ಮುಖ್ಯವಾದದ್ದು ಅಡ್ಮಿಟ್. ಇದು ಲ್ಯಾಟಿನ್ ಭಾಷೆಯಿಂದ ಬಂದ ಶಬ್ದವು. ಅದರ ಮೊದಲಿನ "ಅಡ್" ಎಂಬದಕ್ಕೆ "ಕಡೆಗೆ" ಎಂದೂ, ಉಳಿದ ಭಾಗಕ್ಕೆ ಕಳುಹಿಸುವದು, ಬಿಡುವದು ಎಂದೂ ಅರ್ಥ. ಬಾಗಿಲಲ್ಲಿ ನಿಂತವನು ನಮ್ಮನ್ನು ಒಳಗೆ ಬಿಡುತ್ತಾನೆ. ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಒಂದು, ಈ ಕ್ರಿಯಾಪದಕ್ಕೆ "ಟು" ಎಂಬದೇ ತಕ್ಕ ಜೊತೆ. ಎರಡು, ಒಳಗೆ ಬಿಡುವವರು ಕಾಲೇಜಿನವರು, ನಾವಲ್ಲ. ಆದದರಿಂದ ನಮ್ಮ ವಿಷಯ ಹೇಳುವಾಗ ಕರ್ಮಣಿ ಪ್ರಯೋಗ ಮಾಡಬೇಕು: "ಐ ವಾಸ್ ಅಡ್ಮಿಟೆಡ್ ಟು ದಿ ಕಾಲೇಜ್". ಇದರೊಳಗಿನ "ವಾಸ್" ಎಂಬದನ್ನು ಬಿಟ್ಟು "ಐ ಅಡ್ಮಿಟೆಡ್ ಟು" ಎಂದು ಬರೆದರೆ "ನಾನು ಒಪ್ಪಿಕೊಂಡೆನು" ಎಂದಾಗುತ್ತದೆ. ಕಳ್ಳನು ಕಳವನ್ನು ಒಪ್ಪಿಕೊಳ್ಳುವದಕ್ಕೆ ಸಲ್ಲುವ ಮಾತು ಅದು! ಒಂದು ಸಣ್ಣ ಮಾತು ಬಿಟ್ಟುಹೋದರೆ ವಿದ್ಯಾರ್ಥಿಯು ಅಪರಾಧಿಯ ಸ್ಥಾನದಲ್ಲಿ ನಿಲ್ಲುತ್ತಾನೆ.

ಅಡ್ಮಿಷನ್ ಎಂಬ ನಾಮಪದಕ್ಕೂ "ಟು" ಬರುತ್ತದೆ: "ಅಡ್ಮಿಷನ್ ಟು ದಿ ಕೋರ್ಸ್". ನಮ್ಮ ದೇಶದಲ್ಲಿ "ಟುಕ್ ಅಡ್ಮಿಷನ್ ಇನ್" ಎಂದು ಹೇಳುವ ವಾಡಿಕೆಯುಂಟು. ಇಲ್ಲಿಯವರೆಲ್ಲರಿಗೂ ಅದು ತಿಳಿಯುತ್ತದೆ. ಆದರೆ ಎಲ್ಲಾ ದೇಶದವರಿಗೂ ಸಲ್ಲುವ ಹಾಗೆ ಬರೆಯಬೇಕಾದರೆ "ಗೇನ್ಡ್ ಅಡ್ಮಿಷನ್ ಟು" ಎಂಬದು ಉತ್ತಮ.

ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗುವದು "ಟ್ರಾನ್ಸ್‌ಫರ್ ಟು". ಅರ್ಜಿಯು ಯಾರ ಕೈಗೆ ಹೋಗಬೇಕೋ ಅವರ ಹೆಸರಿನ ಮುಂಚೆಯೂ "ಟು" ಬರುತ್ತದೆ: "ಅಪ್ಲೈ ಟು ದಿ ಪ್ರಿನ್ಸಿಪಾಲ್".

೪. "ಫಾರ್" ಬೇಡುವ ಮಾತುಗಳು

ನಾವು ಯಾವದನ್ನು ಅಪೇಕ್ಷಿಸುತ್ತೇವೋ, ಯಾವದಕ್ಕಾಗಿ ಸಿದ್ಧರಾಗುತ್ತೇವೋ ಅದರ ಮುಂಚೆ "ಫಾರ್" ಬರುತ್ತದೆ. ಅಪ್ಲೈ ಫಾರ್ ಅಂದರೆ ಬೇಡಿಕೊಂಡು ಅರ್ಜಿ ಹಾಕುವದು. ರಿಜಿಸ್ಟರ್ ಫಾರ್ ಅಂದರೆ ಹೆಸರು ನೋಂದಾಯಿಸುವದು. ಪ್ರಿಪೇರ್ ಫಾರ್ ಅಂದರೆ ಸಿದ್ಧತೆ ಮಾಡುವದು. ಎಲಿಜಿಬಲ್ ಫಾರ್ ಅಂದರೆ ಅರ್ಹನಾಗಿರುವದು. "ಪರೀಕ್ಷೆಗೆ ಕುಳಿತನು" ಎಂಬದಕ್ಕೆ "ಸ್ಯಾಟ್ ಫಾರ್" ಎಂದೂ, ನಮ್ಮ ದೇಶದ ವಾಡಿಕೆಯಂತೆ "ಅಪಿಯರ್ಡ್ ಫಾರ್" ಎಂದೂ ಹೇಳಬಹುದು.

ಅಪ್ಲೈ ಎಂಬದರ ಮುಂದೆ ಎರಡು ಪ್ರಿಪೊಸಿಷನ್ನುಗಳೂ ಬರುವದರಿಂದ ಅದಲುಬದಲಾಗದಂತೆ ಎಚ್ಚರವಾಗಿರಬೇಕು. ಕೊಡುವವರಿಗೆ "ಟು", ಬೇಡುವ ವಸ್ತುವಿಗೆ "ಫಾರ್". "ಹಿ ಅಪ್ಲೈಡ್ ಟು ದಿ ಮ್ಯಾನೇಜರ್ ಫಾರ್ ಆ್ಯನ್ ಅಪ್ರೆಂಟಿಸ್‌ಶಿಪ್" ಅಂದರೆ ಅವನು ಕೆಲಸ ಕಲಿಯುವ ಅವಕಾಶಕ್ಕಾಗಿ ಮ್ಯಾನೇಜರರಿಗೆ ಅರ್ಜಿ ಹಾಕಿದನು. ಇದನ್ನು ತಿರುಗಿಸಿ "ಫಾರ್ ದಿ ಮ್ಯಾನೇಜರ್" ಎಂದು ಬರೆದರೆ ಮ್ಯಾನೇಜರರ ಪರವಾಗಿ ಅರ್ಜಿ ಹಾಕಿದ ಹಾಗಾದೀತು.

೫. "ಇನ್", "ಆನ್", "ಆ್ಯಟ್" ಬರುವ ಸ್ಥಳಗಳು

ನಮ್ಮ ಸೀಮೆಯಲ್ಲಿ ಮಗುವನ್ನು ಶಾಲೆಗೆ ಸೇರಿಸುವದಕ್ಕೆ "ಸಾಲಿಗೆ ಹೆಸರು ಹಚ್ಚುವದು" ಎನ್ನುತ್ತಾರೆ. ಇಂಗ್ಲಿಷಿನ ಎನ್ರೋಲ್ ಎಂಬದು ಸರಿಯಾಗಿ ಇದೇ ಮಾತು. ಅದರೊಳಗೆ ರೋಲ್ ಎಂಬ ಶಬ್ದವುಂಟು. ರೋಲ್ ಅಂದರೆ ಹೆಸರುಗಳ ಪಟ್ಟಿ. ಮಾಸ್ತರರು ಹಾಜರಿ ಹಾಕುವಾಗ ಕೂಗುವ ರೋಲ್ ನಂಬರು ಅದರಿಂದಲೇ ಬಂದದ್ದು. ಎನ್ರೋಲ್ ಅಂದರೆ ಪಟ್ಟಿಯಲ್ಲಿ ಹೆಸರು ಹಚ್ಚುವದು. ಆದಕಾರಣ "ಎನ್ರೋಲ್ಡ್ ಇನ್ ಎ ಕೋರ್ಸ್" ಎಂದು ಬರೆಯತಕ್ಕದ್ದು. ಬ್ರಿಟನಿನವರು ಅನೇಕ ವೇಳೆ "ಎನ್ರೋಲ್ಡ್ ಆನ್ ಎ ಕೋರ್ಸ್" ಎನ್ನುತ್ತಾರೆ. ಅಮೆರಿಕದವರು "ಇನ್" ಎಂದೇ ಹೇಳುತ್ತಾರೆ. ಎರಡೂ ಸರಿಯಾದವುಗಳೇ, ಆದರೆ ಒಂದೇ ಕಾಗದದಲ್ಲಿ ಎರಡನ್ನೂ ಬೆರೆಸಬಾರದು. ಕಾಲೇಜಿನ ಹೆಸರು ಹೇಳುವಾಗ "ಎನ್ರೋಲ್ಡ್ ಆ್ಯಟ್" ಎಂದಾಗುತ್ತದೆ.

ಯಾವ ವಿದ್ಯೆಯ ಕೋರ್ಸು ಎಂಬದಕ್ಕೆ "ಇನ್": "ಎ ಡಿಪ್ಲೊಮಾ ಇನ್ ಮೆಕ್ಯಾನಿಕಲ್ ಎಂಜಿನಿಯರಿಂಗ್". ಒಂದು ಚಿಕ್ಕ ವಿಷಯವನ್ನು ಕುರಿತು ಕೆಲವು ದಿನ ನಡೆಯುವ ಪಾಠವಾದರೆ "ಆನ್": "ಎ ಶಾರ್ಟ್ ಕೋರ್ಸ್ ಆನ್ ಪಂಪ್ ರಿಪೇರ್". ಇಲ್ಲಿ "ಆಫ್" ಎಂದು ಬರೆಯುವದು ಬಹಳವಾಗಿ ಕಾಣುವ ತಪ್ಪು.

೬. ಹೊರಗೆ ಬರುವ ಮಾತುಗಳು

ಸೇರಿದವರು ಒಂದು ದಿನ ಹೊರಗೆ ಬರಲೇಬೇಕು. ಪದವಿ ಪಡೆದು ಬರುವದು "ಗ್ರ್ಯಾಜುಯೇಟ್ ಫ್ರಮ್". ತಾನಾಗಿ ಹೆಸರು ತೆಗೆಸುವದು "ವಿತ್‌ಡ್ರಾ ಫ್ರಮ್". ಮುಗಿಸದೆ ನಡುವೆಯೇ ಬಿಟ್ಟುಬಿಡುವದು "ಡ್ರಾಪ್ ಔಟ್ ಆಫ್". ಮನೆಯ ಅಡಚಣೆಯಿಂದ ಶಾಲೆ ಬಿಟ್ಟವರು ತಿರಿಗಿ ಸೇರಿದರೆ "ರಿಜಾಯ್ನ್" ಎಂಬ ಮಾತುಂಟು. ಜಾಯ್ನ್ ಎಂಬದಕ್ಕೆ ಹೇಗೋ ಇದಕ್ಕೂ ಹಾಗೆಯೇ ಜೊತೆಗಾರ ಬೇಡ: "ಶಿ ರಿಜಾಯ್ನ್ಡ್ ಸ್ಕೂಲ್".

೭. ಒಂದು ಮಾದರಿ ಕಾಗದ

ಮೇಲೆ ಹೇಳಿದ್ದೆಲ್ಲಾ ಒಂದೇ ಕಾಗದದಲ್ಲಿ ಹೇಗೆ ಬರುತ್ತದೆಂದು ತೋರಿಸುತ್ತೇವೆ. ತಾರಿಹಾಳದ ಒಬ್ಬ ವಿದ್ಯಾರ್ಥಿಯು ಪಾಲಿಟೆಕ್ನಿಕಿನ ಪ್ರಿನ್ಸಿಪಾಲರಿಗೆ ಬರೆಯುತ್ತಾನೆಂದು ಭಾವಿಸೋಣ.

"ರೆಸ್ಪೆಕ್ಟೆಡ್ ಸರ್, ಐ ಪಾಸ್ಡ್ ದಿ ಎಸ್‌ಎಸ್‌ಎಲ್‌ಸಿ ಎಕ್ಸಾಮಿನೇಶನ್ ದಿಸ್ ಇಯರ್. ಐ ವಿಶ್ ಟು ಅಪ್ಲೈ ಫಾರ್ ಅಡ್ಮಿಷನ್ ಟು ದಿ ಡಿಪ್ಲೊಮಾ ಕೋರ್ಸ್ ಇನ್ ಮೆಕ್ಯಾನಿಕಲ್ ಎಂಜಿನಿಯರಿಂಗ್ ಆ್ಯಟ್ ಯುವರ್ ಇನ್‌ಸ್ಟಿಟ್ಯೂಟ್. ಇಫ್ ಐ ಆ್ಯಮ್ ಅಡ್ಮಿಟೆಡ್ ಟು ದಿ ಕೋರ್ಸ್, ಐ ಶಲ್ ಅಟೆಂಡ್ ಆಲ್ ದಿ ಕ್ಲಾಸಿಸ್. ಕೈಂಡ್ಲಿ ಲೆಟ್ ಮಿ ನೋ ವೆದರ್ ಐ ಆ್ಯಮ್ ಎಲಿಜಿಬಲ್ ಫಾರ್ ಎ ಸ್ಕಾಲರ್‌ಶಿಪ್."

ಇದರ ಅರ್ಥವೇನಂದರೆ: ಮಾನ್ಯರೇ, ನಾನು ಈ ವರ್ಷ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದೇನೆ. ತಮ್ಮ ಸಂಸ್ಥೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಡಿಪ್ಲೊಮಾ ಕೋರ್ಸಿನ ಪ್ರವೇಶಕ್ಕಾಗಿ ಅರ್ಜಿ ಹಾಕಲಿಚ್ಛಿಸುತ್ತೇನೆ. ನನಗೆ ಪ್ರವೇಶ ದೊರೆತರೆ ಎಲ್ಲಾ ವರ್ಗಗಳಿಗೂ ಹಾಜರಾಗುವೆನು. ನಾನು ವಿದ್ಯಾರ್ಥಿವೇತನಕ್ಕೆ ಅರ್ಹನೋ ಎಂಬದನ್ನು ದಯಮಾಡಿ ತಿಳಿಸಬೇಕು.

ಪಾಸ್ಡ್, ಅಟೆಂಡ್ ಎಂಬವುಗಳ ಮುಂದೆ ಏನೂ ಇಲ್ಲದಿರುವದನ್ನೂ, ಎರಡನೆಯ ವಾಕ್ಯದಲ್ಲಿ ಫಾರ್, ಟು, ಇನ್, ಆ್ಯಟ್ ಎಂಬ ನಾಲ್ಕೂ ತಮ್ಮ ತಮ್ಮ ಸ್ಥಳದಲ್ಲಿರುವದನ್ನೂ ಗಮನಿಸಿರಿ.

೮. ಬಂದ ಕಾಗದವನ್ನು ಓದುವ ಬಗೆ

ಬರೆಯುವದಕ್ಕಿಂತಲೂ ಓದುವದರಲ್ಲಿ ಹೆಚ್ಚು ಎಚ್ಚರ ಬೇಕು, ಯಾಕಂದರೆ ತಂದೆತಾಯಿಗಳು ಹಣ ಕಟ್ಟುವದು ಬಂದ ಕಾಗದವನ್ನು ನಂಬಿಯೇ. "ರಿಜಿಸ್ಟರ್ಡ್ ಫಾರ್ ಅಡ್ಮಿಷನ್" ಎಂದಿದ್ದರೆ ಹೆಸರು ಬರೆದುಕೊಂಡಿದ್ದಾರೆ, ಅಷ್ಟೇ. "ಎಲಿಜಿಬಲ್ ಫಾರ್ ಅಡ್ಮಿಷನ್" ಎಂದಿದ್ದರೆ ಅರ್ಹತೆಯುಂಟು, ಸ್ಥಾನ ಇನ್ನೂ ಸಿಕ್ಕಿಲ್ಲ. "ಪ್ರೊವಿಷನಲಿ ಅಡ್ಮಿಟೆಡ್ ಟು" ಎಂದಿದ್ದರೆ ಸ್ಥಾನ ಸಿಕ್ಕಿದೆ, ಆದರೆ ದಾಖಲೆಗಳ ಪರೀಕ್ಷೆಯಂಥ ಷರತ್ತು ಉಳಿದಿದೆ. "ಅಡ್ಮಿಟೆಡ್ ಟು" ಎಂದು ಮಾತ್ರ ಇದ್ದರೆ ಪ್ರವೇಶವಾಯಿತು. ಸ್ಥೂಲವಾಗಿ ಹೇಳುವದಾದರೆ, ಇಂಥ ಕಾಗದದಲ್ಲಿ "ಫಾರ್" ಕಂಡರೆ ನಾವು ಇನ್ನೂ ಬಾಗಿಲ ಹೊರಗಿದ್ದೇವೆ. "ಅಡ್ಮಿಟೆಡ್ ಟು" ಕಂಡರೆ ಹೊಸ್ತಿಲು ದಾಟಿದ್ದೇವೆ.

ಸಂಸ್ಥೆಯ ಪ್ರಕಟಣೆಗಳನ್ನು ಓದುವಾಗಲೂ ಇದೇ ರೀತಿ. "ಅಫಿಲಿಯೇಟೆಡ್ ಟು" ಎಂದರೆ ಆ ಕಾಲೇಜು ಒಂದು ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿದ್ದು, ಪರೀಕ್ಷೆ ಮಾಡಿ ಪದವಿ ಕೊಡುವವರು ಆ ವಿಶ್ವವಿದ್ಯಾಲಯದವರು ಎಂದರ್ಥ. ದೃಷ್ಟಾಂತಕ್ಕೆ, ಧಾರವಾಡದ ಕರ್ನಾಟಕ ಕಾಲೇಜು ೧೯೧೭ರಲ್ಲಿ ಆರಂಭವಾದಾಗ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದಿತು. ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದರದಾಯಿತು. ಹುಬ್ಬಳ್ಳಿಯಲ್ಲಿ ೧೯೪೭ರಲ್ಲಿ ಸ್ಥಾಪಿತವಾದ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು ಬಹುಕಾಲ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿತ್ತು. ೧೯೯೮ರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅದಕ್ಕೆ ಸೇರಿತು; ೧೫ನೆಯ ಇಸವಿಯಲ್ಲಿ, ಅಂದರೆ ೨೦೧೫ರಲ್ಲಿ, ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವೆಂದು ತಾನೇ ವಿಶ್ವವಿದ್ಯಾಲಯವಾಯಿತು. ಹೀಗೆ ಒಂದೇ ಕಟ್ಟಡದಲ್ಲಿ ಓದಿದವರ ಪದವಿಪತ್ರಗಳಲ್ಲಿಯೂ ಕಾಲಕ್ಕೆ ತಕ್ಕಂತೆ ಬೇರೆ ಬೇರೆ ಹೆಸರುಗಳಿರುತ್ತವೆ.

ಆದರೆ "ಇನ್ ಅಸೋಸಿಯೇಶನ್ ವಿತ್" ಎಂಬದು "ಅಫಿಲಿಯೇಟೆಡ್ ಟು" ಎಂಬದಕ್ಕೆ ಸಮಾನವಲ್ಲ. ಅದು ಒಬ್ಬರೊಂದಿಗೆ ಕೂಡಿ ಏನನ್ನೋ ನಡಿಸುತ್ತಾರೆಂದು ಮಾತ್ರ ಹೇಳುತ್ತದೆ. ಪದವಿ ಕೊಡುವ ಅಧಿಕಾರದ ಮಾತು ಅದರಲ್ಲಿಲ್ಲ. ಸರಕಾರದ ಇಲ್ಲವೆ ಪರಿಷತ್ತಿನ ಮಾನ್ಯತೆ ಇದ್ದರೆ "ರೆಕಗ್ನೈಸ್ಡ್ ಬೈ" ಎಂತಲೋ "ಅಪ್ರೂವ್ಡ್ ಬೈ" ಎಂತಲೋ ಬರೆದು, ಯಾರ ಮಾನ್ಯತೆಯೆಂದು ಹೆಸರು ಹೇಳಿರಬೇಕು. ಇವು ಯಾವವೂ ಕಾಣದೆ ಬರೇ ದೊಡ್ಡ ವಿಶ್ವವಿದ್ಯಾಲಯದ ಹೆಸರು ಮಾತ್ರ ಕಂಡರೆ, ಹಣ ಕಟ್ಟುವದಕ್ಕೆ ಮುಂಚೆ ಆ ವಿಶ್ವವಿದ್ಯಾಲಯದ ಕಚೇರಿಯಲ್ಲಿಯೇ ವಿಚಾರಿಸತಕ್ಕದ್ದು. ಎರಡು ಸಣ್ಣ ಮಾತುಗಳನ್ನು ಸರಿಯಾಗಿ ಓದಿದರೆ ಒಂದು ವರ್ಷದ ದುಡಿಮೆ ಉಳಿದೀತು.

೯. ಅಭ್ಯಾಸ

ಈ ಕೆಳಗಿನ ವಾಕ್ಯಗಳನ್ನು ಉತ್ತರ ನೋಡದೆ ಇಂಗ್ಲಿಷಿನಲ್ಲಿ ಹೇಳಿರಿ.

(೧) ನನ್ನ ತಂಗಿಯು ಹುಬ್ಬಳ್ಳಿಯ ಒಂದು ಕಾಲೇಜಿಗೆ ಸೇರಿದಳು. (೨) ನಾನು ಐಟಿಐ ಪ್ರವೇಶಕ್ಕೆ ಅರ್ಜಿ ಹಾಕಿದ್ದೇನೆ. (೩) ಅವನು ದಿನಾಲು ವರ್ಗಕ್ಕೆ ಹಾಜರಾಗುತ್ತಾನೆ. (೪) ಅವಳು ಪರೀಕ್ಷೆಗೆ ಹೆಸರು ನೋಂದಾಯಿಸಿದಳು. (೫) ನಮ್ಮ ಕಾಲೇಜು ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿದೆ. (೬) ಅವನಿಗೆ ಆ ಕೋರ್ಸಿಗೆ ಪ್ರವೇಶ ಸಿಕ್ಕಿತು.

ಉತ್ತರಗಳು: (೧) ಮೈ ಸಿಸ್ಟರ್ ಜಾಯ್ನ್ಡ್ ಎ ಕಾಲೇಜ್ ಇನ್ ಹುಬ್ಬಳ್ಳಿ. (೨) ಐ ಹ್ಯಾವ್ ಅಪ್ಲೈಡ್ ಫಾರ್ ಅಡ್ಮಿಷನ್ ಟು ದಿ ಐಟಿಐ. (೩) ಹಿ ಅಟೆಂಡ್ಸ್ ದಿ ಕ್ಲಾಸ್ ಎವ್ರಿ ಡೇ. (೪) ಶಿ ರಿಜಿಸ್ಟರ್ಡ್ ಫಾರ್ ದಿ ಎಕ್ಸಾಮಿನೇಶನ್. (೫) ಅವರ್ ಕಾಲೇಜ್ ಈಸ್ ಅಫಿಲಿಯೇಟೆಡ್ ಟು ಕರ್ನಾಟಕ್ ಯೂನಿವರ್ಸಿಟಿ. (೬) ಹಿ ವಾಸ್ ಅಡ್ಮಿಟೆಡ್ ಟು ದಿ ಕೋರ್ಸ್.

ಕನ್ನಡದ ಆರು ವಾಕ್ಯಗಳಲ್ಲಿಯೂ "ಗೆ" ಇಲ್ಲವೆ "ಕ್ಕೆ" ಇರುವದನ್ನೂ, ಇಂಗ್ಲಿಷಿನಲ್ಲಿ ಅದು ಎಲ್ಲಿ ಏನಾಯಿತೆಂಬದನ್ನೂ ಒಂದೊಂದಾಗಿ ಹೋಲಿಸಿ ನೋಡಿರಿ. ಕ್ರಿಯಾಪದವನ್ನು ಒಂಟಿಯಾಗಿ ಕಲಿಯದೆ ಅದರ ಜೊತೆಗಾರನೊಂದಿಗೇ ಕಲಿಯುವದು ಈ ವಿದ್ಯೆಯ ಗುಟ್ಟು. ಮನೆಯಲ್ಲಿ ಹಿರಿಯ ಮಕ್ಕಳು ಮಾದರಿ ಕಾಗದವನ್ನು ಇಂಗ್ಲಿಷು ಅಕ್ಷರದಲ್ಲಿ ಎರಡು ಮೂರು ಸಾರಿ ನಕಲು ಮಾಡಲಿ. ಆ ಮೇಲೆ ಕಿರಿಯರಿಗೂ ತಂದೆತಾಯಿಗಳಿಗೂ ಗಟ್ಟಿಯಾಗಿ ಓದಿ ಅರ್ಥ ಹೇಳಲಿ. ಹಾಗೆ ಮಾಡಿದರೆ ಬರುವ ಜೂನ್ ತಿಂಗಳಲ್ಲಿ ಅರ್ಜಿ ಬರೆಯುವವನೂ ಅದಕ್ಕೆ ರುಜು ಹಾಕುವವನೂ ಒಬ್ಬನೇ ಆಗಿರುವನು.